ಸಂಜೆ ಕಾಫಿಗೆ ಮನೆಯಲ್ಲೇ ಕಾಂಗ್ರೆಸ್ ಕಡಲೆಕಾಯಿ

ಬೆಂಗಳೂರಿನ ಅಯ್ಯಂಗಾರ್ ಬೇಕರಿ ಮುಂದೆ ನಿಂತು ‘ನೂರು ಗ್ರಾಂ ಕಾಂಗ್ರೆಸ್ ಕೊಡಿ’ ಅಂದರೆ ಯಾರೂ ತಿರುಗಿ ನೋಡಲ್ಲ. ಸಿಪ್ಪೆ ತೆಗೆದು ಎರಡು ಹೋಳು ಮಾಡಿದ ಕಡಲೆಕಾಯಿ ಬೀಜಕ್ಕೆ ಖಾರದಪುಡಿ, ಅರಿಶಿನ, ಇಂಗು, ಕರಿಬೇವು ಹಾಕಿ ಹುರಿದ ಕುರುಕಲಿಗೆ ಈ ಊರಲ್ಲಿ ಅದೇ ಹೆಸರು. 1969ರಲ್ಲಿ ಕಾಂಗ್ರೆಸ್ ಪಕ್ಷ ಒಡೆದು ಎರಡಾಯ್ತಲ್ಲ, ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಅಧಿವೇಶನದಲ್ಲೇ ಬಿರುಕು ಎದ್ದು ಕಂಡಿತ್ತು. ಬೀಜವೂ ಎರಡು ಹೋಳು, ಪಕ್ಷವೂ ಎರಡು ಹೋಳು, ಹಾಗಾಗಿ ಈ ಹೆಸರು ಬಂತು ಅಂತ ಹಳಬರು ಕಥೆ ಹೇಳ್ತಾರೆ. ಕಥೆ ನಿಜವೋ ಸುಳ್ಳೋ, ತಿಂಡಿ ಮಾತ್ರ ಪಕ್ಕಾ. ಬೆಣ್ಣೆ ಸವರಿದ ಬನ್ನಿನ ನಡುವೆ ಇದನ್ನೇ ತುಂಬಿಸಿದರೆ ಕಾಂಗ್ರೆಸ್ ಬನ್.

ನಮ್ಮ ಮನೆಯಲ್ಲಿ ಇದು ಅಪ್ಪನ ತಿಂಡಿ. ಸಂಜೆ ಐದಕ್ಕೆ ಕಾಫಿ, ಪಕ್ಕದಲ್ಲಿ ಸ್ಟೀಲ್ ಬಟ್ಟಲಲ್ಲಿ ಕಾಂಗ್ರೆಸ್. ಎರಡು ವರ್ಷದ ಹಿಂದೆ ಬಿಪಿ ಜಾಸ್ತಿ ಇದೆ ಅಂತ ಗೊತ್ತಾದ ಮೇಲೆ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು. ಉಪ್ಪಿನಕಾಯಿ ಹೋಯಿತು, ಹಪ್ಪಳ ಹೋಯಿತು, ಬೇಕರಿ ಪೊಟ್ಟಣವೂ ಹೋಯಿತು. ಅಪ್ಪ ಏನೂ ವಾದ ಮಾಡಲಿಲ್ಲ. ಆದರೆ ಸಂಜೆ ಬರೀ ಕಾಫಿ ಲೋಟ ಹಿಡಿದು ಕೂತವರನ್ನು ನೋಡೋಕೆ ನಮಗೇ ಕಷ್ಟ ಆಗ್ತಿತ್ತು. ಮುಂದಿನ ಸಲ ಹೋದಾಗ ನಾನೇ ಕೇಳಿದೆ. ಡಾಕ್ಟರು ಹೇಳಿದ್ದು ಇಷ್ಟೇ: ಕಡಲೆಕಾಯಿ ತಿನ್ನಲಿ, ಒಂದು ಹಿಡಿ ಸಾಕು, ಉಪ್ಪು ನಿಮ್ಮ ಕೈಯಲ್ಲಿರಲಿ. ‘ನಿಮ್ಮ ಕೈಯಲ್ಲಿರಲಿ’ ಅಂದ್ರೆ ಮನೆಯಲ್ಲೇ ಹುರೀಬೇಕು ಅಂತ ತಾನೇ?

ಲೆಕ್ಕ ಹಾಕೋದು ನನ್ನ ಕಸುಬಿನ ಚಾಳಿ, ಸ್ವಲ್ಪ ಸಹಿಸಿಕೊಳ್ಳಿ. ದೊಡ್ಡವರು ದಿನಕ್ಕೆ ತಿನ್ನುವ ಒಟ್ಟು ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದ್ರೆ ಸುಮಾರು ಒಂದು ಟೀ ಚಮಚ. ಸಾರು, ಪಲ್ಯ, ಚಟ್ನಿ, ಎಲ್ಲ ಸೇರಿ. ಕಾಲು ಕಿಲೋ ಬೀಜಕ್ಕೆ ಅರ್ಧ ಟೀ ಚಮಚ, ಅಂದರೆ ಹತ್ತಿರ ಹತ್ತಿರ 3 ಗ್ರಾಂ ಉಪ್ಪು ಹಾಕಿದಿರಿ ಅಂದ್ಕೊಳ್ಳಿ. 30 ಗ್ರಾಂನ ಒಂದು ಹಿಡಿಗೆ ಬರೋದು ಅರ್ಧ ಗ್ರಾಂಗೂ ಕಡಿಮೆ. ಅಂಗಡಿ ಪೊಟ್ಟಣದ ಹಿಂದೆ ಉಪ್ಪು ಅಂತ ಬರೆದಿರಲ್ಲ, ಸೋಡಿಯಂ ಅಂತ ಇರುತ್ತೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ. ಒಮ್ಮೆ ಗುಣಿಸಿ ನೋಡಿ.

ಇನ್ನು ಬೀಜದ ವಿಷಯ. ಕಡಲೆಕಾಯಿ ನಿಜಕ್ಕೂ ಬಾದಾಮಿ, ಗೋಡಂಬಿಯ ಬಳಗದ್ದಲ್ಲ. ತೊಗರಿ, ಅವರೆಯ ನೆಂಟ. ಅದಕ್ಕೇ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್, ಬಾದಾಮಿಗಿಂತ ಒಂದು ಕೈ ಮೇಲೆ, ಬೆಲೆಯಲ್ಲಿ ಎಷ್ಟೋ ಕಡಿಮೆ. ‘ಡ್ರೈ ಫ್ರೂಟ್ಸ್ ತಿನ್ನಿ’ ಅಂತ ಎಲ್ಲರೂ ಬಾದಾಮಿ ಕಡೆ ಕೈ ತೋರಿಸೋದು ನನಗೆ ಅಷ್ಟು ಸರಿ ಕಾಣಲ್ಲ. ಪಾವಗಡ, ಚಳ್ಳಕೆರೆ ಕಡೆಯ ಬೀಜ ಏನು ತಪ್ಪು ಮಾಡಿದೆ? ಆದರೆ ಕೊಬ್ಬು ಅರ್ಧದಷ್ಟಿದೆ ಅನ್ನೋದೂ ನೆನಪಿರಲಿ. ಒಳ್ಳೆಯ ಕೊಬ್ಬೇ, ಆದರೂ ಒಂದು ಹಿಡಿಗೆ 170 ಕ್ಯಾಲೊರಿ. ಟೀವಿ ಮುಂದೆ ಡಬ್ಬಿ ಇಟ್ಟುಕೊಂಡು ಕೂತರೆ ಯಾವ ಲೆಕ್ಕವೂ ನಿಲ್ಲಲ್ಲ.

ಬೀಜ ತಂದ ಕೂಡಲೇ ಮೊರಕ್ಕೆ ಹಾಕಿ ಆರಿಸಿ. ಇದನ್ನು ಬಿಡಲೇಬೇಡಿ. ಸುಕ್ಕುಗಟ್ಟಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದದ್ದು ಎಲ್ಲ ಕಸಕ್ಕೆ. ಕಡಲೆಕಾಯಿಗೆ ಹತ್ತುವ ಒಂದು ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ಲಿವರಿಗೆ ಕೆಟ್ಟದ್ದು. ಹುರಿದರೆ ಹೋಗುತ್ತೆ ಅಂತ ಅಂದ್ಕೋಬೇಡಿ, ಪೂರ್ತಿ ಹೋಗಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸೇರುಗಟ್ಟಲೆ ಹಸಿ ಕಾಯಿ ತರುವವರಿಗೂ ಇದೇ ಮಾತು: ಚೀಲ ಕಟ್ಟಿ ಮೂಲೆಗಿಡದೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ.

ಈಗ ಹುರಿಯೋಣ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಕಾಲು ಕಿಲೋಗೆ ಹನ್ನೆರಡರಿಂದ ಹದಿನೈದು ನಿಮಿಷ, ಕೈ ನಿಲ್ಲಿಸದೆ ಆಡಿಸ್ತಾ ಇರಬೇಕು. ಪುರುಸೊತ್ತಿಲ್ಲ ಅಂತ ಉರಿ ಜೋರು ಮಾಡಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತೆ. ಕಡಲೆಪುರಿ ಭಟ್ಟಿಯಲ್ಲಿ ಬಿಸಿ ಮರಳಿನಲ್ಲಿ ಹುರಿಯೋದು ನೋಡಿರಬಹುದು; ಮರಳು ಬೀಜದ ಸುತ್ತಲೂ ಒಂದೇ ಸಮ ಶಾಖ ಕೊಡುತ್ತೆ. ಮನೆಯಲ್ಲಿ ಆ ಹದ ಬೇಕಿದ್ದರೆ ಬಾಣಲೆಗೆ ಎರಡು ಬಟ್ಟಲು ಕಲ್ಲುಪ್ಪು ಹಾಕಿ ಕಾಯಿಸಿ, ಅದರಲ್ಲಿ ಬೀಜ ಹುರಿದು ಜರಡಿ ಹಿಡಿಯಿರಿ. ಬೀಜ ಒಣಗಿದ್ದರೆ ಉಪ್ಪು ಹೆಚ್ಚು ಅಂಟಲ್ಲ, ಸಿಪ್ಪೆ ತೆಗೆದಾಗ ಅದೂ ಉದುರುತ್ತೆ. ಅದೇ ಕಲ್ಲುಪ್ಪನ್ನು ಡಬ್ಬಿಗೆ ತುಂಬಿಟ್ಟು ಮತ್ತೆ ಮತ್ತೆ ಬಳಸಬಹುದು.

ಚಟಪಟ ಸದ್ದು ಕಡಿಮೆಯಾಗಿ ಘಮ ಬಂದ ಮೇಲೆ ಒಂದು ಬೀಜ ತೆಗೆದು ಉಜ್ಜಿ. ಸಿಪ್ಪೆ ತಾನಾಗಿ ಬಿಟ್ಟು, ಒಳಗೆ ತಿಳಿ ಹೊಂಬಣ್ಣ ಇದ್ದರೆ ಸಾಕು. ಕಚ್ಚಿದರೆ ಮೆತ್ತಗೇ ಇರುತ್ತೆ, ಗಾಬರಿ ಬೇಡ, ಗರಿಗರಿ ಬರೋದು ಆರಿದ ಮೇಲೇ. ಇನ್ನೂ ಬಣ್ಣ ಬರಲಿ ಅಂತ ಕಾಯಬೇಡಿ. ಒಲೆ ಆರಿಸಿದರೂ ಬಾಣಲೆಯ ಶಾಖಕ್ಕೆ ಹುರಿಯೋದು ನಿಲ್ಲಲ್ಲ, ತಕ್ಷಣ ಅಗಲ ತಟ್ಟೆಗೆ ಹರವಿ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಉಜ್ಜಿ, ಮೊರದಲ್ಲಿ ಕೇರಿ. ಹೋಳಾಗದೆ ಉಳಿದವನ್ನು ಲಟ್ಟಣಿಗೆಯಲ್ಲಿ ಮೆತ್ತಗೆ ಒತ್ತಿದರೆ ಆಯ್ತು. ಸಿಪ್ಪೆಯಲ್ಲಿ ನಾರಿದೆ, ಇಟ್ಟುಕೊಳ್ಳಿ ಅನ್ನುವವರಿದ್ದಾರೆ. ಇಟ್ಟುಕೊಳ್ಳಬಹುದು, ಆದರೆ ಅದು ಕಾಂಗ್ರೆಸ್ ಆಗಲ್ಲ.

ಒಣ ಬೀಜದ ಮೇಲೆ ಮಸಾಲೆ ಉದುರಿಸಿದರೆ ಎಲ್ಲ ಡಬ್ಬಿ ತಳಕ್ಕೆ ಸೇರುತ್ತೆ. ಅಂಟಿಸೋಕೆ ಸ್ವಲ್ಪ ಎಣ್ಣೆ ಬೇಕೇ ಬೇಕು, ಎರಡು ಟೀ ಚಮಚ ಸಾಕು. ಒಂದು ಹಿಡಿಗೆ ಲೆಕ್ಕ ಹಾಕಿದರೆ ಬರೋದು ಹತ್ತು ಕ್ಯಾಲೊರಿ, ಅದಕ್ಕೆ ಜಿಪುಣತನ ಬೇಡ. ಎಣ್ಣೆ ಕಾದ ಮೇಲೆ ಒರೆಸಿ ಒಣಗಿಸಿದ ಹದಿನೈದಿಪ್ಪತ್ತು ಕರಿಬೇವಿನೆಲೆ ಹಾಕಿ, ಗರಿಗರಿಯಾಗುವ ತನಕ ಬಿಡಿ. ತೇವ ಉಳಿದರೆ ಎರಡೇ ದಿನದಲ್ಲಿ ಇಡೀ ಡಬ್ಬಿ ಮೆತ್ತಗಾಗುತ್ತೆ. ಆಮೇಲೆ ಒಲೆ ಆರಿಸಿ. ಆರಿಸಿದ ಮೇಲೇ ಇಂಗು, ಕಾಲು ಚಮಚ ಅರಿಶಿನ, ಒಂದು ಚಮಚ ಖಾರದಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ. ಖಾರದಪುಡಿ ಕೆಲವೇ ಸೆಕೆಂಡಿಗೆ ಸೀದು ಕಹಿಯಾಗುತ್ತೆ, ಅದಕ್ಕೇ ಈ ಮುನ್ನೆಚ್ಚರಿಕೆ. ಬೀಜ ಸುರಿದು ಮಗುಚಿ, ಮತ್ತೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಇಡಿ.

ಉಪ್ಪು ಎಲ್ಲದಕ್ಕಿಂತ ಕೊನೆಗೆ. ಅದನ್ನು ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಮಾಡಿಕೊಳ್ಳಿ. ನುಣುಪು ಉಪ್ಪು ನಾಲಿಗೆ ಮೇಲೆ ಬೇಗ ಕರಗುತ್ತೆ, ಕಡಿಮೆ ಹಾಕಿದರೂ ಜಾಸ್ತಿ ಅನ್ನಿಸುತ್ತೆ. ಜೊತೆಗೆ ಅರ್ಧ ಚಮಚ ಆಮ್‌ಚೂರ್ ಸೇರಿದರೆ ಹುಳಿಗೆ ಉಪ್ಪಿನ ಕೊರತೆ ಗೊತ್ತೇ ಆಗಲ್ಲ. ಚಾಟ್ ಮಸಾಲೆ ಹಾಕುವವರು ಉಪ್ಪು ಇನ್ನೂ ಇಳಿಸಬೇಕು, ಅದರಲ್ಲೇ ಕಪ್ಪುಪ್ಪು ಇರುತ್ತೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರೋದರಿಂದ ಕಿಡ್ನಿ ತೊಂದರೆ ಇದ್ದವರು, ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬೇಡಿ.

ನಾವು ಅರ್ಧ ಚಮಚದಿಂದ ಶುರು ಮಾಡಿ, ಪ್ರತಿ ಸಲ ಒಂದೊಂದು ಚಿಟಿಕೆ ಇಳಿಸ್ತಾ ಬಂದೆವು. ನಾಲಿಗೆ ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತೆ. ಮೂರನೇ ಸಲ ಅಪ್ಪ ಬಟ್ಟಲು ಮುಂದಕ್ಕೆ ತಳ್ಳಿ ‘ಸಪ್ಪೆ’ ಅಂದರು. ಅಮ್ಮ ಉಪ್ಪು ಹಾಕಲಿಲ್ಲ, ಮೆಣಸಿನ ಪುಡಿ ಇನ್ನೊಂದಿಷ್ಟು ಹಾಕಿ ಮುಂದಿಟ್ಟರು. ಬಟ್ಟಲು ಖಾಲಿ. ಈಗ ಕೇರುವ ಕೆಲಸ ಅಪ್ಪನದೇ. ಮೊರ ಯಾರಿಗೂ ಕೊಡಲ್ಲ, ಬಾಲ್ಕನಿ ತುಂಬ ಸಿಪ್ಪೆ.

ಓವನ್ ಇದ್ದವರು 150 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟು, ನಡುವೆ ಎರಡು ಸಲ ಆಡಿಸಿ. ಏರ್‌ಫ್ರೈಯರ್‌ನಲ್ಲೂ ಆಗುತ್ತೆ, ಕರಿಬೇವು ಮಾತ್ರ ಒಳಗಿಡಬೇಡಿ, ಫ್ಯಾನ್ ಗಾಳಿಗೆ ಹಾರಾಡುತ್ತೆ. ಬಾದಾಮಿ, ಗೋಡಂಬಿಗೂ ಇದೇ ಮಸಾಲೆ ಒಪ್ಪುತ್ತೆ, ಆದರೆ ಒಟ್ಟಿಗೆ ಹುರಿಯಬೇಡಿ. ಬಾದಾಮಿ ಬೇಯುವಷ್ಟರಲ್ಲಿ ಗೋಡಂಬಿ ಕಪ್ಪಾಗಿರುತ್ತೆ. ಐದು ವರ್ಷದೊಳಗಿನ ಮಕ್ಕಳಿಗೆ ಬೀಜ ಹಾಗೇ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಆಫೀಸಿಗೆ ಡಬ್ಬಿ ಒಯ್ಯುವವರು ಹಂಚುವ ಮುಂಚೆ ಕಡಲೆಕಾಯಿ ಅಲರ್ಜಿ ಯಾರಿಗಾದರೂ ಇದೆಯಾ ಅಂತ ಒಂದು ಮಾತು ಕೇಳಿ.

ಪೂರ್ತಿ ತಣ್ಣಗಾದ ಮೇಲೆ ಗಾಜಿನ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡಿ. ಎರಡು ವಾರ ಗರಿಗರಿ ಇರುತ್ತೆ. ಕಮಟು ವಾಸನೆ ಬಂದರೆ ಬಿಸಾಕಿ. ಡಬ್ಬಿ ಒಳಗೊಂದು ಚಿಕ್ಕ ಅಳತೆ ಬಟ್ಟಲು ಹಾಕಿಡಿ, 30 ಗ್ರಾಂ ಹಿಡಿಯುವಂಥದ್ದು. ನಮ್ಮನೆಯದು ಹಳೆಯ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದ ಅಳತೆ ಅಂತ ಅಪ್ಪ ಗೊಣಗ್ತಾರೆ. ಅಷ್ಟೇನೂ ಚಿಕ್ಕದಿಲ್ಲ.