ನದಿಗಿಳಿಯುವ ರಾಜಧಾನಿ

ಜ್ಯೂರಿಕ್‌ನಿಂದ ಇಂಟರ್‌ಲಾಕೆನ್ ಕಡೆಗೆ ಹೊರಟ ರೈಲು ಸುಮಾರು ಒಂದು ಗಂಟೆಯಲ್ಲಿ ಬರ್ನ್ ನಿಲ್ದಾಣ ತಲುಪುತ್ತದೆ. ಯುಂಗ್‌ಫ್ರೌ ಹಿಮ ನೋಡಲು ಹೊರಟ ಭಾರತೀಯ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಇಲ್ಲಿ ಇಳಿಯುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ಸಂಸತ್ತು ಇರುವುದು ಇದೇ ಊರಿನಲ್ಲಿ. ಬೇಸಿಗೆಯ ದಿನವನ್ನು ಸ್ವಿಸ್ ಜನ ಹೇಗೆ ಕಳೆಯುತ್ತಾರೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೇಕಾದದ್ದು ಈಜುಡುಗೆ, ಟವೆಲ್ ಮತ್ತು ಒಂದು ಖಾಲಿ ಬಾಟಲಿ.

ಬಾಟಲಿ ಖಾಲಿ ಇದ್ದರೆ ಸಾಕು. ಊರಿನ ತುಂಬ ನೂರಕ್ಕೂ ಹೆಚ್ಚು ಕಾರಂಜಿಗಳಿವೆ, ಅವುಗಳ ನಲ್ಲಿಯ ನೀರು ಕುಡಿಯಲು ಯೋಗ್ಯ. ಹದಿನಾರನೇ ಶತಮಾನದ ಬಣ್ಣದ ಶಿಲ್ಪ ಹೊತ್ತ ಕಾರಂಜಿಯ ಕೆಳಗೆ ಬಾಟಲಿ ಹಿಡಿದು ನಿಂತವರು ಇಲ್ಲಿ ದಿನವೂ ಕಾಣಸಿಗುತ್ತಾರೆ. ಕಾಸು ಕೊಟ್ಟು ನೀರು ಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಮಂಗಳವಾರ ಅಥವಾ ಶನಿವಾರವಾದರೆ ದಿನ ಸಂತೆಯಿಂದ ಶುರುವಾಗುತ್ತದೆ. ಸಂಸತ್ ಭವನದ ಎದುರಿನ ಬುಂಡೆಸ್‌ಪ್ಲಾಟ್ಸ್ ಚೌಕದಲ್ಲಿ ಸುತ್ತಲಿನ ರೈತರು ಚೆರ್ರಿ, ಟೊಮ್ಯಾಟೊ, ಚೀಸ್, ಹೂವು ಹರಡಿಕೊಂಡು ಕೂರುತ್ತಾರೆ. ‘ಗ್ರ್ಯೂಸೆಖ್’ ಎಂದು ನಮಸ್ಕಾರ ಹೇಳಿ ಮಾತು ಶುರುಮಾಡಿ, ‘ಮೆರ್ಸಿ’ ಎಂದು ಮುಗಿಸಿದರೆ ಸಂತೆಯವರ ಮುಖ ಅರಳುತ್ತದೆ. ಇದೇ ಚೌಕ ಹಿಂದೆ ಕಾರು ನಿಲ್ಲಿಸುವ ಜಾಗವಾಗಿತ್ತು. 2004ರಲ್ಲಿ ಕಾರುಗಳನ್ನು ಹೊರಗೆ ಕಳಿಸಿ, ಕಲ್ಲುಹಾಸಿನಿಂದಲೇ ಚಿಮ್ಮುವ 26 ನೀರಿನ ಬುಗ್ಗೆಗಳನ್ನು ಅಳವಡಿಸಿದರು. ದೇಶದ 26 ಕ್ಯಾಂಟನ್‌ಗಳಿಗೆ, ಅಂದರೆ ರಾಜ್ಯಗಳಿಗೆ, ತಲಾ ಒಂದು. ಬಿಸಿಲೇರಿದಂತೆ ಮಕ್ಕಳು ಸಂಸತ್ತಿನ ಬಾಗಿಲ ಮುಂದೆಯೇ ಬರಿಗಾಲಲ್ಲಿ ನೀರಾಟಕ್ಕೆ ಇಳಿಯುತ್ತಾರೆ.

ಅಲ್ಲಿಂದ ಹಳೆಯ ಪಟ್ಟಣದ ಕಡೆ ಹೊರಟರೆ ಬಿಸಿಲೂ ತಾಗುವುದಿಲ್ಲ, ಮಳೆಯೂ ತಾಗುವುದಿಲ್ಲ. ಬೀದಿಯ ಎರಡೂ ಬದಿಗೆ ಮನೆಗಳ ಕೆಳಗೆ ಕಮಾನಿನ ಮೊಗಸಾಲೆಗಳಿವೆ. ‘ಲೌಬೆನ್’ ಎಂದು ಕರೆಯುವ ಇವುಗಳ ಒಟ್ಟು ಉದ್ದ ಸುಮಾರು ಆರು ಕಿಲೋಮೀಟರ್. 1405ರ ದೊಡ್ಡ ಬೆಂಕಿಯಲ್ಲಿ ಮರದ ಮನೆಗಳು ಸುಟ್ಟುಹೋದ ಮೇಲೆ ಊರನ್ನು ಮರಳುಗಲ್ಲಿನಲ್ಲಿ ಮತ್ತೆ ಕಟ್ಟಿದರು. 1983ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಇಲ್ಲಿನ ಕ್ರಾಮ್‌ಗಾಸೆ ಬೀದಿಯ 49ನೇ ನಂಬರಿನ ಮನೆಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಬಾಡಿಗೆಗಿದ್ದರು, 1905ರಲ್ಲಿ ಸಾಪೇಕ್ಷತೆಯ ಪ್ರಬಂಧ ಬರೆದದ್ದೂ ಇದೇ ಊರಿನಲ್ಲಿದ್ದಾಗ.

ಮಧ್ಯಾಹ್ನವಾಗುತ್ತಿದ್ದಂತೆ ಊರಿಗೆ ಊರೇ ಇಳಿಜಾರಿನ ಕಡೆಗೆ ಮುಖ ಮಾಡುತ್ತದೆ.

ಹಳೆಯ ಪಟ್ಟಣವನ್ನು ಮೂರು ಕಡೆಯಿಂದ ಬಳಸಿ ಹರಿಯುವ ನದಿಯ ಹೆಸರು ಆರೆ. ಪೂರ್ತಿಯಾಗಿ ಸ್ವಿಟ್ಜರ್ಲೆಂಡಿನೊಳಗೇ ಹರಿಯುವ ನದಿಗಳಲ್ಲಿ ಇದೇ ಉದ್ದದ್ದು, 288 ಕಿಲೋಮೀಟರ್. ಹುಟ್ಟುವುದು ಆಲ್ಪ್ಸ್‌ನ ಹಿಮನದಿಗಳಲ್ಲಿ. ಅಲ್ಲಿಂದ ನೇರವಾಗಿ ಬಂದಿದ್ದರೆ ಈ ನೀರಿಗೆ ಕಾಲಿಡುವುದೂ ಕಷ್ಟವಾಗುತ್ತಿತ್ತು. ಆದರೆ ಬರ್ನ್ ತಲುಪುವ ಮೊದಲು ಆರೆ ಬ್ರೀಂಟ್ಸ್ ಮತ್ತು ಟೂನ್ ಎಂಬ ಎರಡು ದೊಡ್ಡ ಸರೋವರಗಳನ್ನು ಹಾದು ಬರುತ್ತದೆ. ಹಿಮನದಿ ಅರೆದು ತಂದ ಕಲ್ಲುಹುಡಿಯ ಬಹುಪಾಲು ಅಲ್ಲೇ ತಳ ಸೇರುತ್ತದೆ, ಬಿಸಿಲಿಗೆ ಕಾದ ಮೇಲ್ಪದರದ ನೀರು ಹೊರಗೆ ಹರಿಯುತ್ತದೆ. ಹಾಗಾಗಿ ಬೇಸಿಗೆಯ ಒಳ್ಳೆಯ ದಿನಗಳಲ್ಲಿ ಬರ್ನ್‌ನಲ್ಲಿ ನದಿಯ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಮಗೆ ಅದು ನಡುಗಿಸುವ ಚಳಿ. ಬರ್ನ್‌ನವರು ಮಾತ್ರ ಮೊಬೈಲಿನಲ್ಲಿ ನದಿಯ ಉಷ್ಣತೆ ನೋಡಿ, ಇವತ್ತು ಹದ ಎಂದು ಕಚೇರಿಯಿಂದ ಹೊರಡುತ್ತಾರೆ.

ಸಂಸತ್ ಭವನದ ಪಕ್ಕದಿಂದ ನದಿಯ ಮಟ್ಟಕ್ಕೆ ಇಳಿಯಲು 1885ರಿಂದ ಓಡುತ್ತಿರುವ ಪುಟ್ಟ ಕೇಬಲ್ ರೈಲಿದೆ. ಹಳಿಯ ಉದ್ದ 105 ಮೀಟರ್. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿ, ಆ ಭಾರದಿಂದ ಕೆಳಗಿನ ಗಾಡಿಯನ್ನು ಮೇಲಕ್ಕೆಳೆಯುವ ವ್ಯವಸ್ಥೆ 1970ರ ದಶಕದವರೆಗೂ ನಡೆದಿತ್ತು, ಈಗ ವಿದ್ಯುತ್ತಿನದು. ಇಳಿದಲ್ಲಿ ಮಾರ್ಟ್ಸಿಲಿ ಎಂಬ ವಿಶಾಲ ಹುಲ್ಲುಹಾಸಿನ ಸ್ನಾನತಾಣ. ಈಜುಕೊಳ, ಬಟ್ಟೆ ಬದಲಿಸುವ ಕೋಣೆ, ಮರದ ನೆರಳು ಎಲ್ಲವೂ ಇರುವ ಈ ಜಾಗಕ್ಕೆ ಪ್ರವೇಶ ಉಚಿತ. ವಿದ್ಯಾರ್ಥಿ, ಬಸ್ ಚಾಲಕ, ಸಂಸತ್ ಸದಸ್ಯ ಒಂದೇ ಹುಲ್ಲಿನ ಮೇಲೆ ಟವೆಲ್ ಹಾಸುತ್ತಾರೆ.

ಇಲ್ಲಿನ ಪದ್ಧತಿ ಸರಳ. ಬಟ್ಟೆಬರೆ ಹುಲ್ಲಿನ ಮೇಲಿಟ್ಟು, ಈಜುಡುಗೆಯಲ್ಲಿ ದಡದ ಹಾದಿ ಹಿಡಿದು ಹೊಳೆಯ ಮೇಲ್ಗಡೆಗೆ ನಡೆಯುವುದು. ಸಾಕಷ್ಟು ದೂರ ಹೋದ ಮೇಲೆ ಮೆಟ್ಟಿಲಿಳಿದು ನೀರಿಗೆ ಮೈಬಿಡುವುದು. ಮುಂದಿನ ಕೆಲಸ ನದಿಯದು. ಕಿವಿ ನೀರಿಗಿಳಿದ ಕೂಡಲೇ ತಳದಲ್ಲಿ ಉರುಳುವ ಸಣ್ಣ ಕಲ್ಲುಗಳ ಸದ್ದು ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಕೇಳಿಸುತ್ತದೆ. ತಲೆ ಎತ್ತಿದರೆ ಗುಡ್ಡದ ಮೇಲೆ ಸಂಸತ್ತಿನ ಹಸಿರು ಗುಮ್ಮಟ. ದಡದುದ್ದಕ್ಕೂ ಮೆಟ್ಟಿಲುಗಳಿಗೆ ಕೆಂಪು ಬಣ್ಣದ ಕಂಬಿಗಳಿವೆ. ಇಳಿಯಬೇಕಾದ ಜಾಗ ಬರುವ ಮೊದಲೇ ದಡದ ಪಕ್ಕಕ್ಕೆ ಸರಿದು, ಕಂಬಿ ಹಿಡಿದು ಮೇಲೇರಬೇಕು. ಒಂದು ತಪ್ಪಿದರೆ ಮುಂದಿನದು ಇದೆ, ಆದರೆ ಕೊನೆಯದನ್ನು ತಪ್ಪಿಸುವಂತಿಲ್ಲ. ಅದರಾಚೆ ನದಿಗೆ ಅಡ್ಡಲಾಗಿ ಒಡ್ಡು ಇದೆ.

ಈ ನದಿ ಯಾವಾಗಲೂ ಹೀಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆ, ಊರುಗಳು ಬೆಳೆದಂತೆ ಸ್ವಿಟ್ಜರ್ಲೆಂಡಿನ ನದಿ ಸರೋವರಗಳಿಗೆ ಕೊಳಚೆ ನೇರವಾಗಿ ಸೇರುತ್ತಿತ್ತು. ಹಲವೆಡೆ ಸ್ನಾನ ನಿಷೇಧಿಸುವ ಫಲಕಗಳು ಎದ್ದವು. 1963ರಲ್ಲಿ ಪ್ರವಾಸಿಗರ ನೆಚ್ಚಿನ ತ್ಸೆರ್ಮಾಟ್‌ನಲ್ಲಿ ಕುಡಿಯುವ ನೀರು ಕೆಟ್ಟು ಟೈಫಾಯ್ಡ್ ಹಬ್ಬಿತು. ನಾನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಸಾವುಗಳೂ ಆದವು. ಜಲರಕ್ಷಣೆಯನ್ನು ಸಂವಿಧಾನಕ್ಕೆ ಸೇರಿಸಲು ಮತದಾರರು 1953ರಲ್ಲೇ ಒಪ್ಪಿಗೆ ಕೊಟ್ಟಿದ್ದರು, ಆದರೆ 1965ರಲ್ಲೂ ಕೊಳಚೆ ಶುದ್ಧೀಕರಣ ಘಟಕಗಳ ಜಾಲಕ್ಕೆ ಸೇರಿದ್ದ ಜನಸಂಖ್ಯೆ ಶೇಕಡ 14 ಮಾತ್ರ. 1971ರಲ್ಲಿ ಕಾನೂನು ಬಿಗಿಯಾಯಿತು. 1986ರಲ್ಲಿ ಬಟ್ಟೆ ಒಗೆಯುವ ಪುಡಿಯಲ್ಲಿ ಫಾಸ್ಫೇಟ್ ಬಳಸುವುದನ್ನು ನಿಷೇಧಿಸಿದರು. ಇಂದು ಶೇಕಡ 97ಕ್ಕೂ ಹೆಚ್ಚು ಜನರ ಮನೆಯ ಕೊಳಚೆ ಶುದ್ಧೀಕರಣವಾಗಿಯೇ ನದಿ ಸೇರುತ್ತದೆ. ಆರೆಯ ತಿಳಿನೀರು ಪ್ರಕೃತಿಯ ಕೊಡುಗೆ ನಿಜ, ಅದರ ಹಿಂದೆ ಹಲವು ದಶಕಗಳ ತೆರಿಗೆ ಹಣವೂ ಹಟವೂ ಇವೆ.

ಸಂಜೆ ನದಿದಡದ ಐಖ್‌ಹೋಲ್ಟ್ಸ್ ಮೈದಾನದಲ್ಲಿ ಹೊಗೆ ಏಳುತ್ತದೆ. ಸಾರ್ವಜನಿಕರಿಗಾಗಿ ಕಟ್ಟಿದ ಒಲೆಗಳಲ್ಲಿ ಸೆರ್ವೆಲಾ ಎಂಬ ದಪ್ಪ ಸಾಸೇಜನ್ನು ತುದಿ ಸೀಳಿ ಸುಡುತ್ತಾರೆ. ಸಸ್ಯಾಹಾರಿಗಳು ಜೋಳದ ತೆನೆ, ಚೀಸ್ ತಂದುಕೊಳ್ಳಬಹುದು. ಕುಡಿಯಲು ರಿವೆಲ್ಲಾ, 1952ರಿಂದ ತಯಾರಾಗುತ್ತಿರುವ, ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ಮಾಡಿದ ಪಾನೀಯ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಊಟವಾದ ಮೇಲೆ ರೋಸೆನ್‌ಗಾರ್ಟನ್ ಗುಡ್ಡ ಹತ್ತಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಒಂದು ಕಾಲಕ್ಕೆ ಸ್ಮಶಾನವಾಗಿದ್ದ ಈ ಜಾಗ 1913ರಿಂದ ಉದ್ಯಾನ. ಇನ್ನೂರಕ್ಕೂ ಹೆಚ್ಚು ಬಗೆಯ ಗುಲಾಬಿಗಳ ನಡುವೆ ನಿಂತರೆ ಕೆಂಪು ಹೆಂಚಿನ ಊರು, ಅದನ್ನು ಬಳಸಿದ ನದಿ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಇಲ್ಲೂ ಟಿಕೆಟ್ ಇಲ್ಲ.

ದುಬಾರಿ ಎಂದೇ ಹೆಸರಾದ ದೇಶದಲ್ಲಿ ಇಂಥ ದಿನಕ್ಕೆ ತಗಲುವುದು ಊಟದ ಖರ್ಚು ಮಾತ್ರ. ಊರಿನ ಹೋಟೆಲಿನಲ್ಲಿ ರಾತ್ರಿ ತಂಗುವವರಿಗೆ ಬಸ್ಸು, ಟ್ರಾಮ್ ಮತ್ತು ಮಾರ್ಟ್ಸಿಲಿ ರೈಲಿನ ಪಾಸ್ ಕೊಠಡಿಯ ಜೊತೆಗೇ ಬರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಬೇಕಾದದ್ದನ್ನು ಶನಿವಾರವೇ ಕೊಂಡಿಟ್ಟುಕೊಳ್ಳಬೇಕು, ಇಲ್ಲವೇ ರೈಲು ನಿಲ್ದಾಣದ ಅಂಗಡಿಗೆ ಹೋಗಬೇಕು.

ಹೋಗುವವರಿಗೆ ಒಂದು ಎಚ್ಚರಿಕೆಯ ಮಾತು. ಆರೆಯ ಸೆಳೆತ ಜೋರು. ಕೊಳದಲ್ಲಿ ಒಂದಷ್ಟು ಕೈಬಡಿದ ಅಭ್ಯಾಸ ಇದಕ್ಕೆ ಸಾಲದು. ಚೆನ್ನಾಗಿ ಈಜು ಬಲ್ಲವರೂ ಮೊದಲ ಸಲ ಸ್ಥಳೀಯರ ಜೊತೆಗೇ ಇಳಿಯಬೇಕು, ಹತ್ತುವ ಮೆಟ್ಟಿಲುಗಳನ್ನು ದಡದಲ್ಲಿ ನಡೆದು ನೋಡಿಕೊಂಡಿರಬೇಕು, ಮದ್ಯ ಕುಡಿದು ನೀರಿಗಿಳಿಯಲೇಬಾರದು, ಒಬ್ಬರೇ ಹೋಗಬಾರದು. ಈಜು ಬಾರದವರು ಮಾರ್ಟ್ಸಿಲಿಯ ಕೊಳಕ್ಕೆ ಇಳಿದು, ಹುಲ್ಲಿನ ಮೇಲೆ ಮಲಗಿ, ನದಿಯಲ್ಲಿ ತೇಲಿ ಬರುವವರನ್ನು ನೋಡುತ್ತ ಕೂತರೂ ದಿನ ಸಾರ್ಥಕ. ಮುಂದಿನ ಬೇಸಿಗೆಯ ಪ್ರವಾಸದಲ್ಲಿ ಬರ್ನ್‌ಗೂ ಒಂದು ದಿನ ಮೀಸಲಿಡಿ.