ಗುಂಡ್ಯದ ಉಕ್ಕಿನ ಸೇತುವೆಗಳು: ಚಿತ್ರ ಏನನ್ನು ಹೇಳಬೇಕು?

ಬೆಂಗಳೂರಿನಿಂದ ಮಂಗಳೂರಿಗೆ ಬರುವ ಹೆದ್ದಾರಿ ಶಿರಾಡಿ ಘಾಟಿಯನ್ನು ಇಳಿದು ಮುಗಿಸುವಲ್ಲಿ ಗುಂಡ್ಯ ಸಿಗುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗುವವರು ಇಲ್ಲಿ ಎಡಕ್ಕೆ ತಿರುಗುತ್ತಾರೆ. ಉಳಿದವರು ನೆಲ್ಯಾಡಿ, ಉಪ್ಪಿನಂಗಡಿಯ ಕಡೆಗೆ ಮುಂದುವರಿಯುತ್ತಾರೆ. ಹೊಳೆಯಾಚೆಯ ದಟ್ಟ ಕಾಡಿನೊಳಗೆ ಇನ್ನೊಂದು ದಾರಿಯೂ ಘಟ್ಟ ಇಳಿಯುತ್ತಿದೆ ಎಂಬುದು ಬಸ್ಸಿನಲ್ಲಿ ಕುಳಿತವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅದು ಹಾಸನ–ಮಂಗಳೂರು ರೈಲು ಮಾರ್ಗ. ಸಕಲೇಶಪುರದಿಂದ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲುಗಳನ್ನು ದಾಟಿ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಸೇರುವ ಸುಮಾರು 55 ಕಿಲೋಮೀಟರ್ ದೂರದಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ.

ಈ ಸೇತುವೆಗಳ ಚಿತ್ರಗಳನ್ನು ನೋಡದ ಕನ್ನಡಿಗರು ಕಡಿಮೆ. ಕ್ಯಾಲೆಂಡರಿನಲ್ಲಿ, ಪತ್ರಿಕೆಗಳ ಮಳೆಗಾಲದ ಪುಟದಲ್ಲಿ, ಈಗ ಪ್ರತಿಯೊಬ್ಬರ ಮೊಬೈಲಿನಲ್ಲಿ ಅವು ಬಂದುಹೋಗಿವೆ. ಹಸಿರು ಬೆಟ್ಟ, ಮಂಜು, ನಡುವೆ ಹಾದುಹೋಗುವ ರೈಲು. ನೋಡಲು ಸೊಗಸು, ನಿಜ. ಆದರೆ ಇವುಗಳಲ್ಲಿ ಎಷ್ಟು ಚಿತ್ರಗಳಿಂದ ಆ ಸೇತುವೆ ಹೇಗೆ ನಿಂತಿದೆ ಎಂದು ತಿಳಿಯುತ್ತದೆ? ರೈಲಿನ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ? ತೊಲೆ ಕಂಬದ ಮೇಲೆ ಹೇಗೆ ಕುಳಿತಿದೆ? ಎಲ್ಲಿ ತುಕ್ಕು ಹಿಡಿದಿದೆ? ಇದನ್ನೆಲ್ಲ ತೋರಿಸುವ ಚಿತ್ರ ಬೇರೆಯೇ ಬಗೆಯದು. ಉಕ್ಕಿನ ಕಟ್ಟಡ, ಸೇತುವೆಗಳ ಛಾಯಾಗ್ರಹಣಕ್ಕೆ ಅದರದೇ ಆದ ಶಾಸ್ತ್ರವಿದೆ, ನೂರೈವತ್ತು ವರ್ಷಗಳ ಚರಿತ್ರೆಯೂ ಇದೆ.

ಘಟ್ಟಕ್ಕೆ ಉಕ್ಕು ಬಂದದ್ದೇಕೆ?

ಈ ಮಾರ್ಗ 1979ರಲ್ಲಿ ಮೀಟರ್‌ಗೇಜ್ ಆಗಿ ಸಂಚಾರಕ್ಕೆ ತೆರೆಯಿತು. ಬ್ರಾಡ್‌ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಮತ್ತೆ ಗೂಡ್ಸ್ ರೈಲು ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಘಾಟಿಯ ಇಳಿಜಾರು 50ಕ್ಕೆ 1. ಎಂದರೆ 50 ಮೀಟರ್ ಸಾಗುವಷ್ಟರಲ್ಲಿ ಹಳಿ ಒಂದು ಮೀಟರ್ ಇಳಿದಿರುತ್ತದೆ. ರಸ್ತೆಗೆ ಇದು ಏನೂ ಅಲ್ಲ, ರೈಲಿಗೆ ತುಂಬ ಕಡಿದು. ಆದ್ದರಿಂದ ರಸ್ತೆಯಂತೆ ಹಳಿ ಕಣಿವೆಗೆ ಇಳಿದು ಮತ್ತೆ ಏರುವಂತಿಲ್ಲ. ಬೆಟ್ಟ ಎದುರಾದರೆ ಕೊರೆಯಬೇಕು, ಕಣಿವೆ ಎದುರಾದರೆ ಮೇಲಿನಿಂದಲೇ ದಾಟಬೇಕು.

ಆಳವಾದ ಕಣಿವೆಯಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಜಾಗದಲ್ಲಿ ತಳದಿಂದ ಸಾರವೆ ಕಟ್ಟಿ ಕಾಂಕ್ರೀಟು ಸುರಿಯುವುದು ಕಷ್ಟದ ಕೆಲಸ. ಉಕ್ಕಿನ ತೊಲೆಯನ್ನಾದರೆ ಕಾರ್ಖಾನೆಯಲ್ಲಿ ತಯಾರಿಸಿ, ತಂದು, ಕಂಬದಿಂದ ಕಂಬಕ್ಕೆ ಸಾಗಿಸಿ ಕೂರಿಸಬಹುದು. ರೈಲ್ವೆಯವರು ಇದನ್ನು ಗರ್ಡರ್ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, ದಪ್ಪ ಉಕ್ಕಿನ ಹಲಗೆಗಳನ್ನು ಇಂಗ್ಲಿಷಿನ ಐ ಅಕ್ಷರದ ಆಕಾರದಲ್ಲಿ ಜೋಡಿಸಿದ ಪ್ಲೇಟ್ ಗರ್ಡರ್. ಇನ್ನೊಂದು, ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ ಟ್ರಸ್.

ಗೆರೆಗಳ ಭಾಷೆ

ಕಲ್ಲಿನ ದೇವಸ್ಥಾನದ ಚಿತ್ರ ತೆಗೆಯುವವನು ಗಾತ್ರವನ್ನೂ ಕೆತ್ತನೆಯನ್ನೂ ಹಿಡಿಯುತ್ತಾನೆ. ಉಕ್ಕಿನಲ್ಲಿ ಗಾತ್ರ ಕಡಿಮೆ, ಗೆರೆಗಳೇ ಎಲ್ಲ. ಟ್ರಸ್ಸಿನಲ್ಲಿರುವ ಪ್ರತಿಯೊಂದು ಪಟ್ಟಿಗೂ ಒಂದು ಕೆಲಸ. ಕೆಲವನ್ನು ಭಾರವು ಒತ್ತುತ್ತದೆ, ಕೆಲವನ್ನು ಎಳೆಯುತ್ತದೆ. ಒತ್ತಡಕ್ಕೆ ಸಿಕ್ಕ ಪಟ್ಟಿ ಬಾಗದಂತೆ ದಪ್ಪವಾಗಿರುತ್ತದೆ, ಎಳೆತಕ್ಕೆ ಸಿಕ್ಕದ್ದು ತೆಳುವಾಗಿದ್ದರೂ ನಡೆಯುತ್ತದೆ. ಒಳ್ಳೆಯ ಚಿತ್ರದಲ್ಲಿ ಈ ದಪ್ಪ–ತೆಳುವಿನ ವ್ಯತ್ಯಾಸ ಕಾಣಬೇಕು. ಆಗ ಎಂಜಿನಿಯರಲ್ಲದವನಿಗೂ ಭಾರದ ದಾರಿ ಕಣ್ಣಿಗೆ ಬೀಳುತ್ತದೆ.

ಇದನ್ನು ಜನರಿಗೆ ತಿಳಿಸಲು ಒಬ್ಬ ಎಂಜಿನಿಯರ್ ಹೂಡಿದ ಉಪಾಯ ಪ್ರಸಿದ್ಧವಾಗಿದೆ. ಸ್ಕಾಟ್‌ಲೆಂಡಿನ ಫೋರ್ತ್ ನದೀಮುಖದ ಮೇಲೆ ಆಗ ಬೃಹತ್ ಉಕ್ಕಿನ ರೈಲ್ವೆ ಸೇತುವೆ ಏಳುತ್ತಿತ್ತು. ಅದರ ವಿನ್ಯಾಸಕಾರರಲ್ಲಿ ಒಬ್ಬರಾದ ಬೆಂಜಮಿನ್ ಬೇಕರ್ 1887ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಡುವಾಗ ಒಂದು ಛಾಯಾಚಿತ್ರ ತೋರಿಸಿದರು. ಅದರಲ್ಲಿ ಇಬ್ಬರು ದೂರದೂರ ಕುರ್ಚಿ ಹಾಕಿಕೊಂಡು ಕೈ ಚಾಚಿ ಕುಳಿತಿದ್ದಾರೆ. ಅವರ ಕೈಗಳಿಗೆ ಕುರ್ಚಿಯಿಂದ ಎದ್ದ ಕೋಲುಗಳ ಆಸರೆ. ಇಬ್ಬರ ನಡುವೆ ತೂಗುವ ಹಲಗೆಯ ಮೇಲೆ ಜಪಾನಿನ ಯುವ ಎಂಜಿನಿಯರ್ ಕಾಯಿಚಿ ವತನಬೆ ನೆಲ ಮುಟ್ಟದೆ ಕುಳಿತಿದ್ದಾನೆ. ಹೊರಬದಿಯಲ್ಲಿ ಇಟ್ಟಿಗೆಗಳ ಹೊರೆ ಸಮತೂಕ ಕಾಯುತ್ತಿದೆ. ಚಾಚಿದ ಕೈಗಳಲ್ಲಿ ಎಳೆತ, ಕೋಲುಗಳಲ್ಲಿ ಒತ್ತಡ. 1890ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ತತ್ವವೆಲ್ಲ ಈ ಒಂದು ಚಿತ್ರದಲ್ಲಿದೆ. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ನೋಡಿ ಕಲಿಯುತ್ತಾರೆ.

ಕ್ಯಾಮೆರಾ ಸುಳ್ಳು ಹೇಳುವ ಬಗೆ

ಕೆಳಗೆ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿ ಎತ್ತರದ ಕಂಬದ ಚಿತ್ರ ತೆಗೆದರೆ ಕಂಬಗಳು ಮೇಲೆ ಹೋಗುತ್ತ ಒಂದಕ್ಕೊಂದು ವಾಲಿದಂತೆ ಕಾಣುತ್ತವೆ. ನೇರ ನಿಂತ ಕಂಬ ಚಿತ್ರದಲ್ಲಿ ಬೀಳುವ ಹಾಗಿರುತ್ತದೆ. ಎಂಜಿನಿಯರಿಗೆ ಇಂಥ ಚಿತ್ರದಿಂದ ಪ್ರಯೋಜನವಿಲ್ಲ. ಹಿಂದಿನ ಕಾಲದ ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಕ್ಯಾಮೆರಾವನ್ನು ವಾಲಿಸದೆ ಮಸೂರವನ್ನಷ್ಟೇ ಮೇಲಕ್ಕೆ ಸರಿಸುವ ಅನುಕೂಲ ಇದ್ದದ್ದು ಇದಕ್ಕಾಗಿಯೇ. ಆ ಸೌಲಭ್ಯವಿರುವ ವಿಶೇಷ ಮಸೂರಗಳು ಈಗಲೂ ಇವೆ. ಅದಿಲ್ಲದವರಿಗೆ ಸುಲಭದ ಉಪಾಯವೆಂದರೆ ದೂರ ಹೋಗುವುದು ಮತ್ತು ಎತ್ತರ ಏರುವುದು. ಸೇತುವೆಯ ಅರ್ಧ ಎತ್ತರಕ್ಕೆ ಸಮನಾದ ಎದುರು ದಿಬ್ಬದಲ್ಲಿ ನಿಂತು ಉದ್ದ ಮಸೂರದಿಂದ ತೆಗೆದರೆ ಗೆರೆಗಳು ನೇರವಾಗಿಯೇ ಉಳಿಯುತ್ತವೆ.

ಬೆಳಕಿನದು ಇನ್ನೊಂದು ಸಮಸ್ಯೆ. ನಡುಹಗಲ ಬಿಸಿಲಿನಲ್ಲಿ ಗರ್ಡರಿನ ತಳ ಪೂರ್ತಿ ಕಪ್ಪಾಗಿ, ಮೇಲಂಚು ಪೂರ್ತಿ ಬಿಳಿಯಾಗಿ, ನಡುವಿನ ವಿವರವೆಲ್ಲ ಮಾಯವಾಗುತ್ತದೆ. ರಿವೆಟ್ಟಿನ ತಲೆಗಳು, ಹಲಗೆಯ ಸಣ್ಣ ಬಾಗು ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಇಡೀ ರಚನೆಯನ್ನು ಸಮನಾಗಿ ತೋರಿಸಬೇಕಾದರೆ ಮೋಡದ ಬೆಳಕೇ ಲೇಸು.

ಮೋಡದ ಬೆಳಕನ್ನು ನಂಬಿ ಇಡೀ ಆಯುಷ್ಯ ಕೆಲಸ ಮಾಡಿದವರು ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ. 1959ರಿಂದ ಅವರು ಗಣಿಗಳ ಗೋಪುರ, ನೀರಿನ ಟ್ಯಾಂಕು, ಊದುಕುಲುಮೆಗಳನ್ನು ಒಂದೇ ಬಗೆಯಲ್ಲಿ ಚಿತ್ರಿಸುತ್ತ ಹೋದರು. ನೇರ ಎದುರಿನಿಂದ, ತುಸು ಎತ್ತರದಿಂದ, ಮೋಡದ ದಿನ, ಜನರಿಲ್ಲದೆ. ಬಳಿಕ ಒಂದೇ ಜಾತಿಯ ರಚನೆಗಳ ಚಿತ್ರಗಳನ್ನು ಸಾಲಾಗಿ ಜೋಡಿಸಿಟ್ಟರು. ಒಂದನ್ನು ನೋಡಿದಾಗ ಹೊಳೆಯದ ವಿಷಯ ಒಂಬತ್ತನ್ನು ಒಟ್ಟಿಗೆ ನೋಡಿದಾಗ ಹೊಳೆಯುತ್ತದೆ. ಅವರು ಚಿತ್ರಿಸಿದ ರಚನೆಗಳಲ್ಲಿ ಬಹಳಷ್ಟು ಈಗ ಗುಜರಿಗೆ ಹೋಗಿವೆ, ಚಿತ್ರ ಮಾತ್ರ ಉಳಿದಿದೆ. 1990ರ ವೆನಿಸ್ ಕಲಾಮೇಳದಲ್ಲಿ ಅವರಿಗೆ ಸಿಕ್ಕ ಬಹುಮಾನ ಶಿಲ್ಪಕಲೆಯ ವಿಭಾಗದ್ದು ಎಂಬುದು ಸ್ವಾರಸ್ಯ. ನಮ್ಮ ದೇಶದಲ್ಲೂ, ಬಂಗಾಳದ ಕ್ಷಾಮದ ಚಿತ್ರಗಳಿಂದ ಹೆಸರಾದ ಸುನಿಲ್ ಜಾನಾ ಸ್ವಾತಂತ್ರ್ಯಾನಂತರ ಉಕ್ಕಿನ ಕಾರ್ಖಾನೆ, ಅಣೆಕಟ್ಟುಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟರು.

ಬೆಕರ್ ದಂಪತಿ ಕಾದು ಪಡೆಯುತ್ತಿದ್ದ ಮೋಡದ ಬೆಳಕು ಗುಂಡ್ಯಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರಾಳವಾಗಿ ಸಿಗುತ್ತದೆ. ಜತೆಗೆ ಮಸೂರದ ಮೇಲೆ ಹಬೆಯೂ ಬರುತ್ತದೆ ಎಂಬುದು ಬೇರೆ ಮಾತು.

ನೂರು ವರ್ಷದ ನಂತರ ಸಾಕ್ಷಿ

ಇಷ್ಟು ಕಟ್ಟುನಿಟ್ಟು ಯಾಕೆ, ಚಂದ ಕಂಡರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಟೇ ಸೇತುವೆಯ ಕಥೆ ಉತ್ತರ ಕೊಡುತ್ತದೆ.

ಅದೇ ಸ್ಕಾಟ್‌ಲೆಂಡಿನ ಡಂಡೀ ಪಟ್ಟಣದ ಬಳಿ ಟೇ ನದೀಮುಖದ ಮೇಲಿನ ಕಬ್ಬಿಣದ ಸೇತುವೆ 1878ರಲ್ಲಿ ತೆರೆದಿತ್ತು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ರೈಲು ದಾಟುತ್ತಿದ್ದಾಗಲೇ ನಡುಭಾಗ ಕುಸಿಯಿತು. ರೈಲಿನಲ್ಲಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ವಿಚಾರಣಾ ನ್ಯಾಯಾಲಯ ಡಂಡೀಯ ವ್ಯಾಲೆಂಟೈನ್ ಸಂಸ್ಥೆಯ ಛಾಯಾಗ್ರಾಹಕರಿಂದ ಮುರಿದ ಕಂಬಗಳನ್ನು ಒಂದೊಂದಾಗಿ ಚಿತ್ರಿಸಿ ಇಡಿಸಿತು. ದೊಡ್ಡ ಗಾಜಿನ ಹಲಗೆಯ ಮೇಲೆ ತೆಗೆದ, ಅಲಂಕಾರವಿಲ್ಲದ, ಸ್ಪಷ್ಟವಾದ ಚಿತ್ರಗಳವು. ನೂರಿಪ್ಪತ್ತು ವರ್ಷ ಕಳೆದ ಮೇಲೆ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಪೀಟರ್ ಲೂಯಿಸ್ ಮುಂತಾದ ಪರಿಣತರು ಅವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರು. ಕಂಬಗಳನ್ನು ಅಡ್ಡಡ್ಡ ಬಿಗಿಯುವ ಪಟ್ಟಿಗಳು ಸಿಕ್ಕಿಸಿದ್ದ ಎರಕದ ಕಬ್ಬಿಣದ ಕಿವಿಗಳು ಸಾಲುಸಾಲಾಗಿ ಮುರಿದಿದ್ದು ಅಲ್ಲಿ ಕಂಡಿತು. ಚಿತ್ರ ತೆಗೆದವನಿಗೆ ಇದೆಲ್ಲ ತಿಳಿದಿರಬೇಕೆಂದಿಲ್ಲ. ಕಣ್ಣೆದುರು ಇದ್ದದ್ದನ್ನು ಅವನು ಇದ್ದ ಹಾಗೆ ತೆಗೆದಿಟ್ಟ, ಅಷ್ಟೇ ಸಾಕಾಯಿತು.

ಒಂದೇ ಜಾಗ, ಹಲವು ವರ್ಷ

ಇನ್ನೊಂದು ವಿಧಾನ ಪ್ಯಾರಿಸ್ಸಿನದು. ಐಫೆಲ್ ಗೋಪುರ 1887ರಿಂದ 1889ರವರೆಗೆ ಮೇಲೇಳುತ್ತಿದ್ದಾಗ ದ್ಯುರಾಂದೆಲ್ ಎಂಬ ಛಾಯಾಗ್ರಾಹಕ ಕೆಲಸದ ಹಂತಹಂತಗಳನ್ನು ದಾಖಲಿಸಿದ. ಆ ಚಿತ್ರಗಳನ್ನು ಸಾಲಾಗಿಟ್ಟರೆ ಗೋಪುರ ನಮ್ಮೆದುರೇ ಬೆಳೆಯುತ್ತದೆ.

ಗುಂಡ್ಯದ ಘಟ್ಟಕ್ಕೆ ಈ ವಿಧಾನ ಬಹಳ ಅಗತ್ಯ. ಇಲ್ಲಿ ನಿಂತದ್ದು ನಿಂತಂತೆ ಇರುವುದಿಲ್ಲ. ಮೀಟರ್‌ಗೇಜ್ ಹಳಿ ಹೋಗಿ ಬ್ರಾಡ್‌ಗೇಜ್ ಬಂತು. ಇತ್ತೀಚಿನ ವರ್ಷಗಳಲ್ಲಿ ವಿದ್ಯುದೀಕರಣದ ಕಾಮಗಾರಿ ಬಂತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಹಲವೆಡೆ ಹಳಿಯ ಮೇಲೆ ಜರಿದು ಸಂಚಾರ ವಾರಗಟ್ಟಲೆ ನಿಂತಿತ್ತು. 2024ರ ಜುಲೈಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಮಾರ್ಗ ಮತ್ತೆ ಮುಚ್ಚಿತು. ಒಂದೇ ಜಾಗದಿಂದ, ಒಂದೇ ಕೋನದಲ್ಲಿ ವರ್ಷವರ್ಷವೂ ತೆಗೆದ ಚಿತ್ರಗಳಿದ್ದರೆ ಕಂಬದ ಬುಡದ ಮಣ್ಣು ಎಷ್ಟು ಕೊಚ್ಚಿಹೋಗಿದೆ, ಯಾವ ಮರ ವಾಲಿದೆ ಎಂಬುದು ಹೋಲಿಸಿದಾಗ ತಿಳಿಯುತ್ತದೆ.

ಉಕ್ಕಿನ ಸೇತುವೆಯಲ್ಲಿ ಗಮನಿಸಲೇಬೇಕಾದ ಇನ್ನೊಂದು ಜಾಗವೆಂದರೆ ಗರ್ಡರ್ ಕಂಬದ ಮೇಲೆ ಕೂರುವ ಬೇರಿಂಗ್. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. 30 ಮೀಟರ್ ಉದ್ದದ ಗರ್ಡರ್ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಸುಮಾರು 11 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕಾಗಿ ಒಂದು ತುದಿಯನ್ನು ಬಿಗಿದು ಇನ್ನೊಂದನ್ನು ಸರಿದಾಡಲು ಬಿಟ್ಟಿರುತ್ತಾರೆ. ಅಲ್ಲಿ ಕೆಸರು, ಎಲೆ ತುಂಬಿ ತುಕ್ಕು ಹಿಡಿದು ಸರಿದಾಟ ನಿಂತರೆ ಆ ಒತ್ತಡವೆಲ್ಲ ಕಂಬದ ಮೇಲೆ ಬೀಳುತ್ತದೆ. ಆದ್ದರಿಂದಲೇ ಸೇತುವೆ ತಪಾಸಣೆ ಮಾಡುವ ಎಂಜಿನಿಯರರು ಇಡೀ ಸೇತುವೆಯ ಸುಂದರ ನೋಟಕ್ಕಿಂತ ಈ ಗೇಣುದ್ದದ ಜಾಗದ ಚಿತ್ರಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟಿರುತ್ತಾರೆ.

ಹಳಿಯ ಮೇಲೆ ನಡೆಯಬೇಡಿ

ಒಂದು ಕಾಲದಲ್ಲಿ ಸಕಲೇಶಪುರ ಕಡೆಯಿಂದ ಹಳಿಯ ಮೇಲೆಯೇ ನಡೆದು ಬಂದು ಹೊಳೆ ದಾಟಿ ಹೆದ್ದಾರಿ ಸೇರುವ ಚಾರಣ ಯುವಕರಲ್ಲಿ ಜನಪ್ರಿಯವಾಗಿತ್ತು. ರೈಲ್ವೆ ಇದನ್ನು ನಿಷೇಧಿಸಿದೆ. 1989ರ ರೈಲ್ವೆ ಕಾಯಿದೆಯ 147ನೇ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಹಳಿಗೆ ಕಾಲಿಟ್ಟವರಿಗೆ ಆರು ತಿಂಗಳವರೆಗೆ ಸಜೆ, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನು ಬದಿಗಿರಲಿ, ಜೀವದ ಮಾತು ಹೇಳುವುದಾದರೂ ಅಷ್ಟೇ. ಗರ್ಡರಿನ ಮೇಲೆ ಪಕ್ಕಕ್ಕೆ ಸರಿಯಲು ನೆಲವಿಲ್ಲ, ಮಳೆಯ ಸದ್ದಿನಲ್ಲಿ ತಿರುವಿನಾಚೆಯ ರೈಲು ಕೇಳಿಸುವುದಿಲ್ಲ.

ಹಾಗಾದರೆ ಚಿತ್ರ ತೆಗೆಯುವುದು ಎಲ್ಲಿಂದ? ರೈಲಿನ ಒಳಗಿನಿಂದ. ಬೆಂಗಳೂರು–ಮಂಗಳೂರು ಹಗಲು ರೈಲಿಗೆ 2021ರಲ್ಲಿ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಗಳು ಬಂದವು. ಸಾಮಾನ್ಯ ಬೋಗಿಯ ಕಿಟಕಿಯೂ ಸಾಕು, ಕೈ–ತಲೆ ಹೊರಗೆ ಚಾಚದಿದ್ದರಾಯಿತು. ಘಾಟಿಯಲ್ಲಿ ರೈಲು ನಿಧಾನವಾಗಿ ಸಾಗುತ್ತದೆ. ತಿರುವಿನಲ್ಲಿ ಮುಂದಿನ ಬೋಗಿಗಳು ಸೇತುವೆಯ ಮೇಲೆ ಬಾಗಿದಾಗ ಕಂಬ, ಗರ್ಡರು ಪಕ್ಕದಿಂದ ಕಾಣುತ್ತವೆ. ಕ್ಯಾಮೆರಾ ಸಿದ್ಧವಾಗಿರಬೇಕಾದ್ದು ಆಗ. ಮೊಬೈಲು ಚಿತ್ರವನ್ನು ಸಾಲುಸಾಲಾಗಿ ಓದಿಕೊಳ್ಳುವುದರಿಂದ ಚಲಿಸುವ ರೈಲಿನಿಂದ ತೆಗೆದ ಚಿತ್ರದಲ್ಲಿ ಹತ್ತಿರದ ಕಂಬ ಓರೆಯಾಗಿ ಕಾಣುವುದುಂಟು. ಅದು ಕಂಬದ ದೋಷವಲ್ಲ. ದೂರದ್ದನ್ನು ಗುರಿಯಿಟ್ಟರೆ ಈ ತೊಂದರೆ ಕಡಿಮೆ.

ಕಳುಹಿಸುವ ಮುನ್ನ ಇನ್ನೊಂದು ಕೆಲಸವಿದೆ. ರೈಲ್ವೆ ಸೇತುವೆಗಳಿಗೆ ಸಂಖ್ಯೆ ಇರುತ್ತದೆ, ಅದನ್ನು ಸೇತುವೆಯ ತುದಿಯಲ್ಲಿ ಬರೆದಿರುತ್ತಾರೆ. ಸಾಧ್ಯವಾದರೆ ಅದನ್ನೂ ಚಿತ್ರಕ್ಕೆ ಸೇರಿಸಿ, ತಾರೀಕು ಮತ್ತು ಯಾವ ದಿಕ್ಕಿಗೆ ನೋಡಿ ತೆಗೆದದ್ದು ಎಂದು ಬರೆದಿಡಿ. ಮೂಲ ಚಿತ್ರವನ್ನು ಕಿರಿದು ಮಾಡದೆ ಉಳಿಸಿಕೊಳ್ಳಿ.

ಈ ಮಾರ್ಗ ಕಟ್ಟುವಾಗ, ಗೇಜ್ ಬದಲಾಯಿಸುವಾಗ ಇಲ್ಲಿ ದುಡಿದವರ ಮನೆಗಳು ಪುತ್ತೂರು, ಸುಳ್ಯ, ಕಡಬ, ಸಕಲೇಶಪುರದ ಕಡೆ ಇರಬಹುದು. ಅವರ ಪೆಟ್ಟಿಗೆಯ ತಳದಲ್ಲಿ ಮೀಟರ್‌ಗೇಜ್ ಕಾಲದ ಒಂದು ಮಸುಕಾದ ಚಿತ್ರ ಇದ್ದೀತು. ಅದರಲ್ಲಿ ಹಿಂದೆ ಕಾಣುವ ಗರ್ಡರು ಈಗ ಅಲ್ಲಿ ಇರಲಿಕ್ಕಿಲ್ಲ. ಅಂಥ ಚಿತ್ರವನ್ನು ಹೊರಗೆ ತೆಗೆದು, ಜಾಗದ ಗುರುತು ಹೇಳಬಲ್ಲ ಹಿರಿಯರು ಇರುವಾಗಲೇ ಅದರ ಹಿಂಬದಿಯಲ್ಲಿ ಊರು, ವರ್ಷ, ಸೇತುವೆಯ ಗುರುತು ಬರೆದಿಡುವುದು ಇಂದೇ ಮಾಡಬಹುದಾದ ಕೆಲಸ.