ಹಂದಿ ಮಾಂಸದ ಅಡಿಗೆ: ರುಚಿಯ ಜೊತೆಗೆ ಎಚ್ಚರಿಕೆಯೂ ಇರಲಿ

ಕೊಡಗಿನಲ್ಲಿ ಕೈಲು ಮುಹೂರ್ತದ ದಿನ ಹಂದಿ ಮಾಂಸದ ಸಾರು ಮತ್ತು ಕಡಂಬುಟ್ಟು ಇಲ್ಲದಿದ್ದರೆ ಹಬ್ಬ ಪೂರ್ಣವಾಗುವುದಿಲ್ಲ. ಕೊಬ್ಬು ತೆಗೆದ ಹಂದಿ ಮಾಂಸದಲ್ಲಿ ನೂರಕ್ಕೆ ಸುಮಾರು 20 ಭಾಗ ಸಸಾರಜನಕವಿರುತ್ತದೆ. ಥಯಾಮಿನ್ ಎಂಬ ಜೀವಸತ್ವವೂ ಇದರಲ್ಲಿ ಹೇರಳವಾಗಿದೆ. ಆದರೆ ಅರೆಬೆಂದ ಹಂದಿ ಮಾಂಸದಿಂದ ಲಾಡಿಹುಳು ಮನುಷ್ಯನ ಕರುಳನ್ನು ಸೇರಬಹುದು. ಆದ್ದರಿಂದ ಈ ಮಾಂಸವನ್ನು ಆರಿಸುವ ಮತ್ತು ಬೇಯಿಸುವ ಸರಿಯಾದ ಕ್ರಮವನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಲಾಡಿಹುಳು ಹರಡುವ ಬಗೆ

ಲಾಡಿಹುಳು ಇರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳಿರುತ್ತವೆ. ಬಯಲಿನಲ್ಲಿ ಬಿದ್ದ ಮಲವನ್ನು ಹಂದಿ ತಿಂದಾಗ, ಮೊಟ್ಟೆಯೊಡೆದು ಹೊರಬಂದ ಮರಿಗಳು ಅದರ ಮಾಂಸಖಂಡಗಳನ್ನು ಸೇರಿ ಬಟಾಣಿ ಕಾಳಿನಷ್ಟು ದಪ್ಪದ ಬಿಳಿ ನೀರುಗುಳ್ಳೆಗಳಾಗುತ್ತವೆ. ಇಂತಹ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ, ಗುಳ್ಳೆಯೊಳಗಿನ ಮರಿ ಕರುಳಿನಲ್ಲಿ ಕೆಲವು ಮೀಟರು ಉದ್ದದ ಹುಳುವಾಗಿ ಬೆಳೆಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಹುಳುವಿನ ಮೊಟ್ಟೆಯಿಂದ ಬರುತ್ತದೆ. ಕೊಳೆಯಾದ ಕೈ, ನೀರು ಅಥವಾ ತೊಳೆಯದ ಹಸಿ ತರಕಾರಿಯ ಮೂಲಕ ಮೊಟ್ಟೆ ಹೊಟ್ಟೆ ಸೇರಿದರೆ, ನೀರುಗುಳ್ಳೆಗಳು ಮನುಷ್ಯನ ಮೈಯಲ್ಲಿಯೇ ಬೆಳೆಯುತ್ತವೆ. ಅವು ಮಿದುಳಿನಲ್ಲಿ ನೆಲೆಸಿದರೆ ಮೂರ್ಛೆರೋಗ ಬರುತ್ತದೆ. ಹಂದಿ ಮಾಂಸ ತಿಂದೊಡನೆ ಮೂರ್ಛೆ ಬರುತ್ತದೆಂಬ ನಂಬಿಕೆ ಸರಿಯಲ್ಲ. ಮಾಂಸವನ್ನೇ ಮುಟ್ಟದವರಿಗೂ ಈ ರೋಗ ಬರಬಹುದು. ಮನೆಯಲ್ಲಿ ಒಬ್ಬರ ಕರುಳಿನಲ್ಲಿ ಹುಳು ಇದ್ದರೆ ಅವರಿಗೂ ಉಳಿದವರಿಗೂ, ಮುಖ್ಯವಾಗಿ ಮಕ್ಕಳಿಗೆ, ಅಪಾಯ ತಪ್ಪಿದ್ದಲ್ಲ.

ಮಾಂಸವನ್ನು ಆರಿಸುವುದು

ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ, ಪಶುವೈದ್ಯರು ಪರೀಕ್ಷಿಸಿದ ಹಂದಿಯ ಮಾಂಸವನ್ನೇ ಕೊಳ್ಳಬೇಕು. ಒಳ್ಳೆಯ ಮಾಂಸ ತಿಳಿಗೆಂಪಾಗಿ, ಗಟ್ಟಿಯಾಗಿರುತ್ತದೆ, ಕೊಬ್ಬು ಬೆಳ್ಳಗಿರುತ್ತದೆ. ನಾಲಗೆ, ಹೃದಯ, ಭುಜದ ಭಾಗಗಳಲ್ಲಿ ಬಿಳಿ ಗುಳ್ಳೆಗಳು ಕಂಡರೆ ಆ ಮಾಂಸವನ್ನು ಉಪಯೋಗಿಸಬಾರದು. ಗುಳ್ಳೆಗಳು ಕೆಲವೇ ಇದ್ದಾಗ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಗುಳ್ಳೆ ಕಾಣದ ಮಾಂಸವನ್ನೂ ಪೂರ್ತಿ ಬೇಯಿಸಲೇಬೇಕು.

ಕೊಡಗಿನ ಪಂದಿಕರಿ

ಬೇಕಾಗುವ ಸಾಮಾನು: ಕೊಬ್ಬು ಸಹಿತ ಹಂದಿ ಮಾಂಸ 1 ಕಿಲೋ, ಈರುಳ್ಳಿ 4, ಬೆಳ್ಳುಳ್ಳಿ 1 ಗೆಡ್ಡೆ, ಶುಂಠಿ 2 ಅಂಗುಲ, ಹಸಿಮೆಣಸಿನಕಾಯಿ 5, ಅರಿಸಿನ ಅರ್ಧ ಚಮಚ, ಮೆಣಸಿನಪುಡಿ 2 ಚಮಚ, ಕಾಚಂಪುಳಿ 1 ದೊಡ್ಡ ಚಮಚ, ಉಪ್ಪು ರುಚಿಗೆ ತಕ್ಕಷ್ಟು. ಹುರಿದು ಪುಡಿ ಮಾಡಲು ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಕರಿಮೆಣಸು 1 ದೊಡ್ಡ ಚಮಚ, ಜೀರಿಗೆ 2 ಚಮಚ, ಸಾಸಿವೆ ಅರ್ಧ ಚಮಚ, ಮೆಂತ್ಯ ಕಾಲು ಚಮಚ.

ಮಾಡುವ ವಿಧಾನ: ಮಾಂಸವನ್ನು ಒಂದು ಅಂಗುಲದ ಸಮನಾದ ತುಂಡುಗಳಾಗಿ ಕತ್ತರಿಸಿ, ಉಪ್ಪು, ಅರಿಸಿನ, ಮೆಣಸಿನಪುಡಿ ಸವರಿ ಅರ್ಧ ಗಂಟೆ ಮುಚ್ಚಿಡಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳನ್ನು ತರಿತರಿಯಾಗಿ ಅರೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಮಾಂಸ ಮತ್ತು ಅರೆದ ಮಸಾಲೆಯನ್ನು ಹಾಕಿ ಸಣ್ಣ ಉರಿಯಲ್ಲಿಡಿ. ಕೊಬ್ಬು ಕರಗುವುದರಿಂದ ಬೇರೆ ಎಣ್ಣೆ ಬೇಕಿಲ್ಲ. ಎರಡು ಲೋಟ ಬಿಸಿನೀರು ಹಾಕಿ, ಮುಚ್ಚಳ ಮುಚ್ಚಿ, ಕುದಿ ಬಂದ ಮೇಲೆ ಮುಕ್ಕಾಲರಿಂದ ಒಂದು ಗಂಟೆ ಬೇಯಿಸಿರಿ. ಕೊತ್ತಂಬರಿ ಮೊದಲಾದವನ್ನು ಎಣ್ಣೆಯಿಲ್ಲದೆ ಕಪ್ಪುಗಂದು ಬಣ್ಣ ಬರುವಂತೆ, ಸೀಯದಂತೆ ಹುರಿದು ಪುಡಿ ಮಾಡಿ ಸೇರಿಸಿ ಇನ್ನೂ 10 ನಿಮಿಷ ಕುದಿಸಿರಿ. ಕೊನೆಯಲ್ಲಿ ಕಾಚಂಪುಳಿಯನ್ನು ಸ್ವಲ್ಪಸ್ವಲ್ಪವಾಗಿ, ರುಚಿ ನೋಡಿ ಹಾಕಿರಿ.

ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕಾಯಿಸಿದರೆ ಕಾಚಂಪುಳಿಯಾಗುತ್ತದೆ. ಇದು ಸಾರಿಗೆ ಬಣ್ಣವನ್ನೂ ಹುಳಿಯನ್ನೂ ಕೊಡುತ್ತದೆ. ಆದರೆ ಹುಳಿಯನ್ನು ನಂಬಿ ಬೇಯಿಸುವ ಹೊತ್ತನ್ನು ಕಡಿಮೆ ಮಾಡಬಾರದು. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸವನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಕಾವಲಿಯ ಮೇಲೆ ಹುರಿಯುವಾಗ

ಎಲುಬು ಸಹಿತ ದಪ್ಪ ಬಿಲ್ಲೆಗಳನ್ನು ಕಾವಲಿಯಲ್ಲಿ ಹುರಿಯುವಾಗ ಹೆಚ್ಚು ಎಚ್ಚರ ಬೇಕು. ಉರಿ ದೊಡ್ಡದಾದರೆ ಹೊರಭಾಗ ಕೆಂಪಗಾಗಿ ಒಳಭಾಗ ಹಸಿಯಾಗಿಯೇ ಉಳಿಯುತ್ತದೆ. ಬೆಲ್ಲ ಅಥವಾ ಸಕ್ಕರೆ ಬೆರೆತ ಮಸಾಲೆ ಇನ್ನೂ ಬೇಗ ಸೀಯುತ್ತದೆ. ಅದನ್ನು ಕೊನೆಯಲ್ಲಿ ಸವರುವುದು ಲೇಸು. ಮಾಂಸದ ಒಳಭಾಗದ ಶಾಖ 63 ಡಿಗ್ರಿ ಸೆಂಟಿಗ್ರೇಡ್ ತಲುಪಬೇಕು; ಇಳಿಸಿದ ಮೇಲೆ 3 ನಿಮಿಷ ಹಾಗೆಯೇ ಬಿಡಬೇಕು. ಕೊಚ್ಚಿದ ಮಾಂಸಕ್ಕೆ 71 ಡಿಗ್ರಿ ಬೇಕು. ಶಾಖಮಾಪಕವಿಲ್ಲದವರು ತೆಳುವಾದ ಬಿಲ್ಲೆಗಳನ್ನೇ ಮಾಡಿ, ನಡುವೆ ಕೆಂಪು ಬಣ್ಣ ಪೂರ್ತಿ ಹೋಗುವವರೆಗೆ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಬೇಕು. ಹಸಿ ಮಾಂಸ ಕತ್ತರಿಸಿದ ಮಣೆ, ಚಾಕು ಮತ್ತು ಕೈಗಳನ್ನು ಸಾಬೂನಿನಿಂದ ತೊಳೆಯದೆ ಬೇರೆ ಪದಾರ್ಥ ಮುಟ್ಟಬಾರದು.

ಹಂದಿ ಸಾಕುವವರ ಗಮನಕ್ಕೆ

ಮನೆಮಂದಿಯೆಲ್ಲ ಕಕ್ಕಸನ್ನೇ ಉಪಯೋಗಿಸಬೇಕು. ಹಂದಿಗಳನ್ನು ಬೀದಿಗೆ ಬಿಡಬಾರದು. ಹಂದಿಗಳಲ್ಲಿ ಈ ಗುಳ್ಳೆಗಳನ್ನು ತಡೆಯಲು ಲಸಿಕೆಯೂ, ನಾಶಪಡಿಸಲು ಆಕ್ಸ್‌ಫೆಂಡಜೋಲ್ ಎಂಬ ಔಷಧವೂ ಇವೆ. ಪಶುವೈದ್ಯರ ಸಲಹೆ ಪಡೆದು ಕೊಡಿಸಿರಿ. ಔಷಧ ಕೊಟ್ಟ ಹಂದಿಯನ್ನು ಅವರು ಹೇಳಿದ ಅವಧಿ ಮುಗಿಯುವವರೆಗೆ ಕಡಿಯಬಾರದು. ಹಸಿ ಮಾಂಸದ ಚೂರು ಮತ್ತು ತೊಳೆದ ನೀರನ್ನು ಹಂದಿಗಳಿಗೆ ಹಾಕಬಾರದು. 2020ರಲ್ಲಿ ಭಾರತಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಹೀಗೂ ಹರಡುತ್ತದೆ.

ಮಲದಲ್ಲಿ ಬಿಳಿ ಲಾಡಿಯಂತಹ ಚೂರುಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರ್ಛೆ ಬರುತ್ತಿರುವವರು ವೈದ್ಯರನ್ನು ಕೇಳದೆ ಹುಳುವಿನ ಔಷಧ ನುಂಗಬಾರದು. ಮಿದುಳಿನಲ್ಲಿ ಗುಳ್ಳೆಗಳಿದ್ದರೆ ಮೂರ್ಛೆ ಹೆಚ್ಚಾಗಬಹುದು. ಹಂದಿಗೆ ಕೊಟ್ಟಿಗೆ, ಮನೆಗೆ ಕಕ್ಕಸು, ಮಾಂಸಕ್ಕೆ ಪೂರ್ತಿ ಬೇಯುವಷ್ಟು ಶಾಖ: ಈ ಮೂರನ್ನು ಪಾಲಿಸಿದರೆ ಹಬ್ಬದೂಟವನ್ನು ನಿಶ್ಚಿಂತೆಯಿಂದ ಸವಿಯಬಹುದು.